ಸೆನ್ಸರ್ ಮೇಲಿನ ಧೂಳು: ಗೋಕಾಕ ಸೀಮೆಯ ಕ್ಯಾಮೆರಾದವರಿಗೆ

ಲೆನ್ಸ್ ಬಿಚ್ಚಿ ಹಾಕುವ ಯಾವ ಡಿಜಿಟಲ್ ಕ್ಯಾಮೆರಾಕ್ಕೂ ಇಂದಲ್ಲ ನಾಳೆ ಬರುವ ತೊಂದರೆಯೊಂದಿದೆ. ಆಕಾಶ, ಸುಣ್ಣ ಬಳಿದ ಗೋಡೆ, ನಿಂತ ನೀರು ಇಂಥ ಬೋಳು ಜಾಗಗಳಲ್ಲಿ ಅಂಚು ಮಸುಕಾದ ಬೂದು ಚುಕ್ಕೆಗಳು ಕಾಣಿಸುತ್ತವೆ. ಫೋಟೋ ಬದಲಾದರೂ ಚುಕ್ಕೆಯ ಜಾಗ ಬದಲಾಗುವುದಿಲ್ಲ. ಸೆನ್ಸರ್ ಮುಂದಿನ ಗಾಜಿನ ಮೇಲೆ ಕೂತ ಧೂಳಿನ ನೆರಳು ಅದು. ಕ್ಯಾಮೆರಾ ಕೆಟ್ಟಿದೆ ಎಂದು ಗಾಬರಿ ಬೀಳಬೇಕಾಗಿಲ್ಲ. ಹಾಗೆಂದು ಕರವಸ್ತ್ರದ ತುದಿಯಿಂದ ಒರೆಸಲೂ ಬಾರದು. ಈ ಧೂಳಿನಲ್ಲಿ ಬಹುಪಾಲು ಬರೀ ಗಾಳಿ ಊದಿದರೆ ಹೋಗುತ್ತದೆ. ಹೋಗದೆ ಉಳಿದದ್ದನ್ನು ತೆಗೆಯುವ ಮೊದಲು ಅದು ಎಂಥ ಧೂಳು ಎಂದು ತಿಳಿದಿರಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಈ ಮಾತಿಗೆ ತೂಕ ಹೆಚ್ಚು, ಯಾಕೆಂದರೆ ಇಲ್ಲಿಯ ಧೂಳು ಒಂದೇ ಜಾತಿಯದಲ್ಲ.

ಈ ಸೀಮೆಯ ಧೂಳು

ಮಳೆ ನಿಂತು ಕಬ್ಬಿನ ಹಂಗಾಮು ಶುರುವಾಯಿತೆಂದರೆ ಬೇಸಿಗೆಯ ತನಕ ಇಲ್ಲಿಯ ಗಾಳಿಯಲ್ಲಿ ಬೂದಿ ಇರುತ್ತದೆ. ಕಟಾವಾದ ಹೊಲದಲ್ಲಿ ರವದಿಗೆ, ಅಂದರೆ ಕಬ್ಬಿನ ಒಣ ಎಲೆಗೆ, ಬೆಂಕಿ ಹಚ್ಚುತ್ತಾರೆ. ಸಕ್ಕರೆ ಕಾರ್ಖಾನೆಗಳ ಚಿಮಣಿಯೂ ಬೆಲ್ಲದ ಗಾಣಗಳ ಒಲೆಯೂ ಕಬ್ಬಿನ ಸಿಪ್ಪೆಯನ್ನೇ ಉರಿಸುತ್ತವೆ. ಒಣ ಹಾಕಿದ ಬಿಳಿ ಬಟ್ಟೆಯ ಮೇಲೆ ಸಂಜೆಗೆ ಬಂದು ಕೂರುವ ಕರಿ ಎಸಳು ಇದೇ. ತೀರ ಹಗುರ, ಮುಟ್ಟಿದರೆ ಪುಡಿಯಾಗುತ್ತದೆ. ಸೆನ್ಸರ್ ಮೇಲೆ ಬಿದ್ದಾಗ ಊದಿದರೆ ಎದ್ದು ಹೋಗುತ್ತದೆ, ಒತ್ತಿ ಒರೆಸಿದರೆ ಮಸಿಯಾಗಿ ಹರಡುತ್ತದೆ.

ಎರೆ ಹೊಲದ ಮಣ್ಣಿನ ಧೂಳಿನ ಸ್ವಭಾವ ಬೇರೆ. ಒಣಗಿದ್ದಾಗ ಹಿಟ್ಟಿನಂತೆ ನಯವಾಗಿರುತ್ತದೆ, ಆದರೆ ಅದರೊಳಗೆ ಕಲ್ಲಿನ ಕಣಗಳೂ ಇರುತ್ತವೆ. ಗಾಜನ್ನು ಗೀರುವ ಶಕ್ತಿ ಬೂದಿಗಿಂತ ಇದಕ್ಕೇ ಹೆಚ್ಚು.

ಮೂರನೆಯದು ಭಂಡಾರ, ಅಂದರೆ ಅರಿಸಿನದ ಪುಡಿ. ಈ ಭಾಗದ ಗ್ರಾಮದೇವತೆಯರ ಜಾತ್ರೆಗಳಲ್ಲಿ, ನೆರೆಯ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರ ಹಾರಿಸುವಾಗ ರಸ್ತೆ, ಮಾಳಿಗೆ, ಮನುಷ್ಯರು ಎಲ್ಲ ಒಂದೇ ಬಣ್ಣವಾಗುತ್ತಾರೆ. ಫೋಟೋಗ್ರಾಫರರು ಕಾದು ಕೂರುವುದೂ ಆ ಗಳಿಗೆಗೇ. ಅರಿಸಿನದಲ್ಲಿ ಎಣ್ಣೆಯ ಅಂಶವಿದೆ, ಹಾಗಾಗಿ ಕೂತಲ್ಲಿ ಅಂಟುತ್ತದೆ. ಅದರ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ ಎನ್ನುವಷ್ಟು ಕಡಿಮೆ ಕರಗುತ್ತದೆ, ಆಲ್ಕೋಹಾಲಿನಲ್ಲಿ ಸಲೀಸಾಗಿ ಕರಗುತ್ತದೆ. ಸೆನ್ಸರ್ ತೊಳೆಯುವ ದ್ರವಗಳಲ್ಲಿ ಹಲವು ಆಲ್ಕೋಹಾಲಿನವೇ ಆದ್ದರಿಂದ ಈ ಸಂಗತಿ ಮುಂದೆ ಕೆಲಸಕ್ಕೆ ಬರುತ್ತದೆ.

ನಾಲ್ಕನೆಯದು ನೀರು. ಮಳೆಗಾಲದಲ್ಲಿ ಘಟಪ್ರಭಾ ತುಂಬಿ 52 ಮೀಟರ್ ಎತ್ತರದಿಂದ ಧುಮುಕುವಾಗ ಗೋಕಾಕ ಜಲಪಾತದ ಎದುರು ನಿಂತವರ ಮುಖ ತೊಯ್ಯುತ್ತದೆ. ಮಾರ್ಕಂಡೇಯ ನದಿಯ ಗೊಡಚಿನಮಲ್ಕಿಯಲ್ಲೂ ಹಾಗೆಯೇ. ಅಲ್ಲಿ ಲೆನ್ಸ್ ಬದಲಿಸಿದರೆ ತುಂತುರಿನ ಒಂದು ಹನಿ ಒಳಗೆ ಹೋಗಿ ಆರಬಹುದು. ನೀರು ಆರಿದರೂ ಅದರಲ್ಲಿದ್ದ ಲವಣ ಉಂಗುರದ ಹಾಗೆ ಗಾಜಿನ ಮೇಲೆ ಉಳಿಯುತ್ತದೆ.

ಇವುಗಳ ಜೊತೆಗೆ ಎಲ್ಲ ಊರಿಗೂ ಇರುವ ಹತ್ತಿಯ ಎಳೆ, ತಲೆಹೊಟ್ಟು, ಬ್ಯಾಗಿನೊಳಗಿನ ಬಟ್ಟೆಯ ನಾರು. ಕ್ಯಾಮೆರಾ ತನ್ನೊಳಗೇ ಹುಟ್ಟಿಸಿಕೊಳ್ಳುವ ಕಸವೂ ಉಂಟು: ಲೆನ್ಸ್ ತಿರುಗಿಸಿ ಹಾಕುವ ಲೋಹದ ಬಳೆ ಸವೆದ ಪುಡಿ, ಷಟರಿನ ಎಣ್ಣೆ.

ರೀಲಿನ ಕಾಲದಲ್ಲಿ ಇದು ಯಾಕಿರಲಿಲ್ಲ

ರೀಲು ಕ್ಯಾಮೆರಾದಲ್ಲಿ ಪ್ರತಿ ಫೋಟೋಕ್ಕೂ ಹೊಸ ಫಿಲ್ಮ್ ಸರಿದು ಬರುತ್ತಿತ್ತು. ಒಂದರ ಮೇಲೆ ಬಿದ್ದ ಧೂಳು ಅದರ ಜೊತೆಗೇ ಹೋಗುತ್ತಿತ್ತು. ಡಿಜಿಟಲ್‌ನಲ್ಲಿ ಸಾವಿರ ಫೋಟೋಕ್ಕೂ ಸೆನ್ಸರ್ ಒಂದೇ. ಹಳೆಯ ಸ್ಟುಡಿಯೋಗಳಲ್ಲಿ ಮೊನಚು ಪೆನ್ಸಿಲ್ ಹಿಡಿದು ನೆಗೆಟಿವ್ ಟಚಿಂಗ್ ಮಾಡುತ್ತಿದ್ದವರು ಒಂದೊಂದು ಚಿತ್ರದ ಕಲೆಯನ್ನು ತಿದ್ದಿದರೆ ಸಾಕಿತ್ತು. ಈಗ ಒಂದು ಚುಕ್ಕೆ ಇಡೀ ಮದುವೆಯ ಎಲ್ಲ ಫೋಟೋಗಳಲ್ಲಿ ಒಂದೇ ಮೂಲೆಯಲ್ಲಿ ಕೂತಿರುತ್ತದೆ.

ಕಂಪನಿಗಳು ಇದಕ್ಕೆ ಪರಿಹಾರ ಹುಡುಕಲು ತಡಮಾಡಲಿಲ್ಲ. ಒಲಿಂಪಸ್ 2003ರಲ್ಲಿ ತಂದ ಇ-1 ಕ್ಯಾಮೆರಾದಲ್ಲಿ ಸೆನ್ಸರ್ ಮುಂದಿನ ತೆಳುಗಾಜನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಅದುರಿಸಿ ಧೂಳು ಕೊಡವುವ ವ್ಯವಸ್ಥೆ ಇತ್ತು. 2006ರಲ್ಲಿ ಕ್ಯಾನನ್ 400ಡಿ, ಸೋನಿ ಆಲ್ಫಾ 100, ಪೆಂಟಾಕ್ಸ್ ಕೆ10ಡಿ ತಮ್ಮ ತಮ್ಮ ರೀತಿಯಲ್ಲಿ ಅದನ್ನೇ ಮಾಡಿದವು. ಈಗ ಬಹುತೇಕ ಕ್ಯಾಮೆರಾಗಳಲ್ಲಿ ಆನ್ ಅಥವಾ ಆಫ್ ಮಾಡುವಾಗ ಈ ಅದುರಾಟ ತಾನಾಗಿ ನಡೆಯುತ್ತದೆ. ಒಣ ಬೂದಿಗೆ ಇದು ಉಪಯೋಗಕ್ಕೆ ಬರುತ್ತದೆ, ಅಂಟಿದ ಭಂಡಾರಕ್ಕೂ ಆರಿದ ಹನಿಗೂ ಅಲ್ಲ.

ಧೂಳು ಕೂರುವುದು ಸೆನ್ಸರ್ ಮೇಲಲ್ಲ

ನಾವು ‘ಸೆನ್ಸರ್ ಕ್ಲೀನಿಂಗ್’ ಎನ್ನುತ್ತೇವಾದರೂ ಬೆಳಕು ಹಿಡಿಯುವ ಚಿಪ್ಪನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಲು ಬರುವುದೂ ಇಲ್ಲ. ಅದರ ಮುಂದೆ ಅತಿಗೆಂಪು ಕಿರಣ ತಡೆಯುವ, ಕೆಲವು ಕ್ಯಾಮೆರಾಗಳಲ್ಲಿ ಸೂಕ್ಷ್ಮ ಗೆರೆಗಳ ಗೋಜಲನ್ನು ತಪ್ಪಿಸುವ ಫಿಲ್ಟರ್ ಗಾಜುಗಳಿರುತ್ತವೆ. ಧೂಳು ಕೂರುವುದು ಈ ಗಾಜಿನ ಹೊರಮೈಮೇಲೆ, ಅಂದರೆ ಚಿಪ್ಪಿಗಿಂತ ಒಂದೆರಡು ಮಿಲಿಮೀಟರ್ ಮುಂದೆ. ಗಾಜಿಗೆ ಲೇಪನವಿರುತ್ತದೆ. ಕನ್ನಡಕದ ಲೇಪನ ಉಜ್ಜಿದರೆ ಹಾಳಾಗುವಂತೆ ಇದೂ ಹಾಳಾಗುತ್ತದೆ, ಆದರೆ ಸೆನ್ಸರ್ ಒರೆಸಲೆಂದೇ ಮಾಡಿದ ಸ್ವಾಬ್ ಸೋಕಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ಹೆದರಬೇಕಾದದ್ದು ಸ್ವಾಬಿಗಲ್ಲ, ಅದರ ಕೆಳಗೆ ಸಿಕ್ಕಿಕೊಳ್ಳುವ ಮಣ್ಣಿನ ಕಣಕ್ಕೆ.

ಎಫ್ 16ರಲ್ಲಿ ಕಾಣುತ್ತದೆ, ಎಫ್ 2.8ರಲ್ಲಿ ಕಾಣುವುದಿಲ್ಲ

ಧೂಳಿಗೂ ಚಿಪ್ಪಿಗೂ ನಡುವಿನ ಆ ಒಂದೆರಡು ಮಿಲಿಮೀಟರ್ ಅಂತರದಲ್ಲೇ ಇಡೀ ಆಟ ಇದೆ. ಸೆನ್ಸರಿನ ಒಂದೊಂದು ಬಿಂದುವಿಗೂ ಬೆಳಕು ಶಂಕುವಿನ ಆಕಾರದಲ್ಲಿ ಇಳಿದು ಬರುತ್ತದೆ. ಅಪರ್ಚರ್ ದೊಡ್ಡದಾಗಿ ತೆರೆದರೆ ಶಂಕು ಅಗಲ, ಕಿರಿದು ಮಾಡಿದರೆ ಶಂಕು ಸಪೂರ. ಅಂತರ 2 ಮಿಲಿಮೀಟರ್ ಎಂದು ಹಿಡಿದರೆ ಧೂಳಿನ ಮಟ್ಟದಲ್ಲಿ ಶಂಕುವಿನ ಅಗಲ ಎಫ್ 2.8ರಲ್ಲಿ ಸುಮಾರು 0.71 ಮಿಲಿಮೀಟರ್, ಎಫ್ 16ರಲ್ಲಿ ಬರೀ 0.125 ಮಿಲಿಮೀಟರ್. ಈಗ 0.05 ಮಿಲಿಮೀಟರಿನ ಒಂದು ಕಣ ಅಲ್ಲಿ ಕೂತಿದೆ ಎಂದುಕೊಳ್ಳಿ. ಎಫ್ 2.8ರಲ್ಲಿ ಅದು ತಡೆಯುವ ಬೆಳಕು ಶೇಕಡಾ ಅರ್ಧದಷ್ಟು, ಕಣ್ಣಿಗೆ ಗೊತ್ತಾಗದು. ಎಫ್ 8ರಲ್ಲಿ ಶೇಕಡಾ 4. ಎಫ್ 16ಕ್ಕೆ ಬಂದರೆ ಶೇಕಡಾ 16. ಚುಕ್ಕೆ ಎದ್ದು ಕಾಣುತ್ತದೆ.

ಆ ಚುಕ್ಕೆಯ ಅಗಲ ಸೆನ್ಸರ್ ಮೇಲೆ ಸುಮಾರು 0.175 ಮಿಲಿಮೀಟರ್. 36 ಮಿಲಿಮೀಟರ್ ಅಗಲದ ಫುಲ್‌ಫ್ರೇಮ್ ಸೆನ್ಸರಿನ ಒಂದು ಫೋಟೋವನ್ನು ಕರಿಜ್ಮಾ ಆಲ್ಬಮ್ಮಿನ 36 ಇಂಚಿನ ಹಾಳೆಯ ತುಂಬ ಹರಡಿದರೆ ಒಂದು ಮಿಲಿಮೀಟರ್ ಒಂದು ಇಂಚಾಗುತ್ತದೆ. ಚುಕ್ಕೆ ನಾಲ್ಕೂವರೆ ಮಿಲಿಮೀಟರಿನಷ್ಟಾಗಿ, ವಧುವಿನ ಹಣೆಯ ಮೇಲೆ ಬಿದ್ದರೆ ಎರಡನೆಯ ಬೊಟ್ಟಿನಂತೆ ಕಾಣುತ್ತದೆ. ಮದುವೆ ಮನೆಯೊಳಗೆ ಎಫ್ 2.8, ಎಫ್ 4ರಲ್ಲಿ ಹೊಡೆಯುವವರಿಗೆ ವರ್ಷಗಟ್ಟಲೆ ಧೂಳಿನ ಸುಳಿವೇ ಸಿಗದೆ ಇರುವುದಕ್ಕೂ, ಅದೇ ಕ್ಯಾಮೆರಾ ಜಲಪಾತಕ್ಕೆ ಹೋದ ದಿನ ಚುಕ್ಕೆಗಳು ಒಮ್ಮೆಲೇ ಹುಟ್ಟಿದಂತೆ ಅನ್ನಿಸುವುದಕ್ಕೂ ಕಾರಣ ಇಷ್ಟೇ.

ಗೋಕಾಕದಲ್ಲಿ ಎಲ್ಲರಿಗೂ ಬೇಕಾದದ್ದು ನೀರು ಹಾಲಿನಂತೆ ಕಾಣುವ ಫೋಟೋ. ಅದಕ್ಕೆ ಷಟರ್ ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆರೆದಿರಬೇಕು. ಬೆಳಕು ಹೆಚ್ಚಾಯಿತೆಂದು ಅಪರ್ಚರನ್ನು ಎಫ್ 22ರ ವರೆಗೆ ಕಿರಿದು ಮಾಡುತ್ತಾರೆ. ಇದು ಎರಡು ಕಡೆ ನಷ್ಟ: ಧೂಳು ಕಾಣುತ್ತದೆ, ಬೆಳಕು ಬಾಗುವುದರಿಂದ ಇಡೀ ಚಿತ್ರದ ಮೊನಚೂ ಕಡಿಮೆಯಾಗುತ್ತದೆ. ಬೆಳಕು ತಗ್ಗಿಸುವ ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿದರೆ ಬಿರುಬಿಸಿಲಿನಲ್ಲೂ ಐಎಸ್ಒ 100, ಎಫ್ 8ಕ್ಕೆ ಎರಡೂವರೆ ಸೆಕೆಂಡ್ ಸಿಗುತ್ತದೆ. ನನ್ನನ್ನು ಕೇಳಿದರೆ ಸೆನ್ಸರ್ ಶುಚಿಯ ಸಾಮಾನಿಗಿಂತ ಮೊದಲು ಕೊಳ್ಳಬೇಕಾದದ್ದು ಈ ಫಿಲ್ಟರ್.

ಪತ್ತೆ ಹಚ್ಚುವ ಕ್ರಮ

‘ಫೋಟೋದಾಗ ಕರೇ ಚುಕ್ಕಿ ಬರಾಕತ್ತಾವ್ರಿ, ಲೆನ್ಸ್ ಕೆಟ್ಟೈತೇನ್ರಿ?’ ಎಂಬುದು ರಿಪೇರಿಯವರು ದಿನವೂ ಕೇಳುವ ಮಾತು. ತಿಳಿದವರು ಕ್ಯಾಮೆರಾ ಕೈಗೆ ತೆಗೆದುಕೊಳ್ಳುವ ಮೊದಲು ಹೇಳುವುದು ಒಂದೇ: ‘ಆ ಲೆನ್ಸ್ ತಗದು ಬ್ಯಾರೇದ ಹಚ್ಚಿ ನೋಡ್ರಿ ಅಣ್ಣಾರ.’ ಲೆನ್ಸ್ ಬದಲಿಸಿದರೂ ಚುಕ್ಕೆ ಅಲ್ಲೇ ಉಳಿದರೆ ಅದು ಸೆನ್ಸರಿನದು. ಲೆನ್ಸ್ ಜೊತೆ ಹೋದರೆ ಲೆನ್ಸಿನದು.

ಲೆನ್ಸಿನ ಮುಂಗಾಜಿನ ಮೇಲಿನ ಧೂಳು ಫೋಟೋದಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಕಾಗೆ ನೆಲದ ಮೇಲೆ ಕೂತಾಗ ಅದರ ನೆರಳು ಅಚ್ಚೊತ್ತಿದಂತೆ ಇರುತ್ತದೆ, ಮೇಲೇರಿದಷ್ಟೂ ಮಸುಕಾಗಿ ಕೊನೆಗೆ ನೆರಳೇ ಇಲ್ಲವಾಗುತ್ತದೆ. ಸೆನ್ಸರಿನಿಂದ ದೂರ ಇರುವ ಧೂಳಿನ ಕಥೆಯೂ ಅದೇ. ಇನ್ನು ವ್ಯೂಫೈಂಡರಿನಲ್ಲಿ ಕಣ್ಣಿಟ್ಟಾಗ ಕಾಣುವ ಕಸ ಫೋಕಸಿಂಗ್ ಸ್ಕ್ರೀನ್ ಮೇಲಿನದು. ಅದು ಫೋಟೋಕ್ಕೆ ಬರುವುದಿಲ್ಲ, ಸುಮ್ಮನೆ ಬಿಡಬಹುದು. ಕತ್ತಲಲ್ಲಿ ಬಹಳ ಹೊತ್ತು ಷಟರ್ ತೆರೆದಾಗ ಕಾಣುವ ಕೆಂಪು, ನೀಲಿ, ಬಿಳಿ ಚೂಪು ಬಿಂದುಗಳು ಧೂಳಲ್ಲ, ಬಿಸಿಗೆ ತಪ್ಪು ಲೆಕ್ಕ ಕೊಡುವ ಪಿಕ್ಸೆಲ್‌ಗಳು. ಎಷ್ಟು ಒರೆಸಿದರೂ ಅವು ಹೋಗುವುದಿಲ್ಲ. ಹೆಚ್ಚಿನ ಕ್ಯಾಮೆರಾಗಳ ಮೆನುವಿನಲ್ಲಿ ಅದಕ್ಕೆ ಬೇರೆಯೇ ಉಪಾಯವಿದೆ.

ಪರೀಕ್ಷೆಯ ಫೋಟೋ ತೆಗೆಯುವುದು ಹೀಗೆ. ಐಎಸ್ಒ 100, ಅಪರ್ಚರ್ ಎಫ್ 16 ಅಥವಾ ಎಫ್ 22, ಫೋಕಸ್ ಮ್ಯಾನ್ಯುಅಲ್. ಮೋಡವಿಲ್ಲದ ಆಕಾಶಕ್ಕೋ ಕಂಪ್ಯೂಟರಿನ ಖಾಲಿ ಬಿಳಿ ಪರದೆಗೋ ಗುರಿಯಿಟ್ಟು, ಬೇಕೆಂದೇ ಫೋಕಸ್ ತಪ್ಪಿಸಬೇಕು. ಪರದೆ ಹತ್ತಿರವಿದ್ದರೆ ಅನಂತಕ್ಕೆ ತಿರುಗಿಸಿದರಾಯಿತು. ಎಕ್ಸ್‌ಪೋಷರ್ ಒಂದು ಸ್ಟಾಪ್ ಹೆಚ್ಚಿಡಿ. ಷಟರ್ ತೆರೆದಿರುವಾಗ ಕ್ಯಾಮೆರಾ ಸ್ವಲ್ಪ ಅಲ್ಲಾಡಿಸಿದರೆ ಇನ್ನೂ ಒಳ್ಳೆಯದು: ಗೋಡೆಯ ಕಲೆ, ಮೋಡದ ಅಂಚು ಕದಡಿ ಹೋಗುತ್ತವೆ, ಧೂಳು ಮಾತ್ರ ಕದಲದೆ ಉಳಿಯುತ್ತದೆ. ಆಮೇಲೆ ಫೋಟೋವನ್ನು ಪೂರ್ಣ ಅಳತೆಗೆ ಹಿಗ್ಗಿಸಿ, ಕಾಂಟ್ರಾಸ್ಟ್ ಏರಿಸಿ ನೋಡುವುದು. ಲೈಟ್‌ರೂಮ್ ಇದ್ದವರಿಗೆ ಚುಕ್ಕೆಗಳನ್ನು ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಎತ್ತಿ ತೋರಿಸುವ ಆಯ್ಕೆಯೇ ಅದರಲ್ಲಿದೆ. ಒಂದು ಮಾತು: ಹೀಗೆ ಹುಡುಕಿದರೆ ಹೊಸ ಕ್ಯಾಮೆರಾದಲ್ಲೂ ನಾಲ್ಕಾರು ಚುಕ್ಕೆ ಸಿಗುತ್ತವೆ. ನಿಮ್ಮ ಕೆಲಸದ ಅಪರ್ಚರಿನಲ್ಲಿ ಕಾಣದ ಧೂಳನ್ನು ತೆಗೆಯಲು ಹೊರಡುವುದು ಇಲ್ಲದ ತಂಟೆ.

ಚುಕ್ಕೆಯ ಜಾಗ ಗುರುತಿಸುವಾಗ ಒಂದು ತಿರುವು ಇದೆ. ಲೆನ್ಸ್ ಚಿತ್ರವನ್ನು ತಲೆಕೆಳಗಾಗಿಸಿಯೇ ಸೆನ್ಸರಿಗೆ ಕೊಡುತ್ತದೆ. ಲೆನ್ಸ್ ಬಿಚ್ಚಿ ಮುಂದಿನಿಂದ ಒಳಗೆ ನೋಡುವವರಿಗೆ ಮೇಲು ಕೆಳಗಾಗಿರುತ್ತದೆ, ಆದರೆ ಎಡ ಬಲ ಬದಲಾಗಿರುವುದಿಲ್ಲ. ಫೋಟೋದ ಮೇಲಿನ ಎಡ ಮೂಲೆಯ ಚುಕ್ಕೆಯನ್ನು ಸೆನ್ಸರಿನ ಕೆಳಗಿನ ಎಡ ಮೂಲೆಯಲ್ಲಿ ಹುಡುಕಬೇಕು.

ಚುಕ್ಕೆಯ ಆಕಾರ ಏನು ಹೇಳುತ್ತದೆ

ಧೂಳಿನ ಬಣ್ಣದಿಂದ ಅದರ ಜಾತಿ ತಿಳಿಯುವುದಿಲ್ಲ. ನಮಗೆ ಕಾಣುವುದು ನೆರಳು, ನೆರಳು ಬಹುತೇಕ ಬೂದು ಬಣ್ಣದ್ದೇ. ಭಂಡಾರವಾಗಲಿ ಬೂದಿಯಾಗಲಿ ಫೋಟೋದಲ್ಲಿ ಒಂದೇ ರೀತಿ. ಆಕಾರ ಮಾತ್ರ ಸಾಕಷ್ಟು ಸುಳಿವು ಕೊಡುತ್ತದೆ. ಅಲ್ಲಲ್ಲಿ ಚದುರಿದ, ಅಂಚು ಮಸುಕಾದ ಚುಕ್ಕೆಗಳು ಒಣ ಧೂಳು. ಬಾಗಿದ ಗೆರೆಯಂತಿದ್ದರೆ ಬಟ್ಟೆಯ ನಾರು ಅಥವಾ ರೆಪ್ಪೆಗೂದಲು. ನಡುವೆ ತಿಳಿಯಾಗಿ ಸುತ್ತ ಗಾಢ ಅಂಚಿರುವ ದುಂಡು ಗುರುತು ಹನಿ: ನೀರಿನದು, ಎಂಜಲಿನದು ಅಥವಾ ಎಣ್ಣೆಯದು. ಒಂದೇ ದಿಕ್ಕಿಗೆ ಎಳೆದ ಪಟ್ಟೆಗಳು ಹಿಂದಿನವರು ಒರೆಸಿದ ಗುರುತು. ರಿಪೇರಿಯವರ ಬಳಿ ಬರುವ ಕ್ಯಾಮೆರಾಗಳಲ್ಲಿ ಕೊನೆಯ ಈ ಜಾತಿ ಕಡಿಮೆಯೇನಿಲ್ಲ.

ಎಣ್ಣೆಯ ಚುಕ್ಕೆಗಳ ಪ್ರಸಿದ್ಧ ಪ್ರಕರಣ ನಿಕಾನ್ ಡಿ600 ಕ್ಯಾಮೆರಾದ್ದು. 2012ರಲ್ಲಿ ಮಾರುಕಟ್ಟೆಗೆ ಬಂದ ಈ ಕ್ಯಾಮೆರಾದಲ್ಲಿ, ಮುಖ್ಯವಾಗಿ ಚಿತ್ರದ ಮೇಲಿನ ಎಡಭಾಗದಲ್ಲಿ, ಒರೆಸಿದಷ್ಟೂ ಮತ್ತೆ ಚುಕ್ಕೆಗಳು ಬರುತ್ತಿದ್ದವು. 2013ರ ಫೆಬ್ರುವರಿಯಲ್ಲಿ ನಿಕಾನ್ ತೊಂದರೆಯನ್ನು ಒಪ್ಪಿ ಸೂಚನೆ ಹೊರಡಿಸಿತು, ಅದೇ ವರ್ಷ ಅಕ್ಟೋಬರಿನಲ್ಲಿ ಬದಲಿ ಷಟರಿನ ಡಿ610 ತಂದಿತು, 2014ರ ಫೆಬ್ರುವರಿಯಲ್ಲಿ ಡಿ600 ಇದ್ದವರಿಗೆ ಉಚಿತವಾಗಿ ಷಟರ್ ಬದಲಿಸಿಕೊಡುವುದಾಗಿ ಪ್ರಕಟಿಸಿತು. ಸೆಕೆಂಡ್ ಹ್ಯಾಂಡ್ ಡಿ600 ಕೊಳ್ಳುವವರು ಆ ಕೆಲಸ ಆಗಿದೆಯೇ ಎಂದು ಇಂದಿಗೂ ವಿಚಾರಿಸುವುದು ಒಳ್ಳೆಯದು.

ಮೊದಲ ಮದ್ದು ಗಾಳಿ

ಜಾಗ ಸಿದ್ಧಮಾಡುವುದರಿಂದ ಶುರು. ಫ್ಯಾನ್ ಬಂದ್ ಮಾಡಿ, ಕಿಟಕಿ ಹಾಕಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ ಅರ್ಧ ತಾಸು ಬಿಟ್ಟರೆ ಕೋಣೆಯ ಧೂಳು ಕೆಳಗೆ ಕೂರುತ್ತದೆ. ಉಣ್ಣೆಯ ಸ್ವೆಟರ್, ಹೆಗಲ ಮೇಲಿನ ಟಾವೆಲ್ ತೆಗೆದಿಡಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಡಿಎಸ್‌ಎಲ್‌ಆರ್‌ನಲ್ಲಿ ಮೆನುವಿನಿಂದ ಕನ್ನಡಿ ಎತ್ತಿ ಷಟರ್ ತೆರೆಯುತ್ತೇವೆ. ನಡುವೆ ಬ್ಯಾಟರಿ ಸತ್ತರೆ ಷಟರ್ ಮುಚ್ಚಿ ಕನ್ನಡಿ ಬೀಳುತ್ತದೆ, ಒಳಗಿದ್ದ ಸ್ವಾಬಿಗೆ ಷಟರಿನ ಎಲೆ ಸಿಕ್ಕಿದರೆ ಕೆಲಸ ಸಾವಿರಾರು ರೂಪಾಯಿಯದಾಗುತ್ತದೆ. ಬಲ್ಬ್ ಮೋಡಿಗೆ ಹಾಕಿ, ಬಟನ್ ಒತ್ತಿ ಹಿಡಿದು ಸೆನ್ಸರ್ ಒರೆಸುವ ಪದ್ಧತಿಯನ್ನು ಕೆಲವು ಕಡೆ ಇನ್ನೂ ಹೇಳಿಕೊಡುತ್ತಾರೆ. ಬೆರಳು ಜಾರಿದರೆ ಅದೇ ಗತಿ.

ಲೆನ್ಸ್ ಬಿಚ್ಚಿದ ಕೂಡಲೇ ಷಟರ್ ತೆರೆಯಬಾರದು. ಮೊದಲು ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಹಿಡಿದು, ಕನ್ನಡಿಯ ಗೂಡಿನ ಸುತ್ತ ಊದಿ ಅಲ್ಲಿಯ ಕಸ ಕೆಳಗೆ ಬೀಳಿಸಬೇಕು. ಹಾಗೆ ಮಾಡದಿದ್ದರೆ ಅದೇ ಕಸ ಸೆನ್ಸರಿಗೆ ಹೋಗುತ್ತದೆ. ಆಮೇಲೆ ಷಟರ್ ತೆರೆದು, ಬಾಯಿ ಕೆಳಗೇ ಇರಲಿ, ರಬ್ಬರಿನ ಬ್ಲೋವರಿನ ಮೂತಿ ಗಾಜಿಗೆ ತಾಗದಷ್ಟು ದೂರದಿಂದ ಹತ್ತು ಹನ್ನೆರಡು ಸಲ ಜೋರಾಗಿ ಒತ್ತಿ. ಹೊಸ ಬ್ಲೋವರನ್ನು ಮೊದಲು ಹೊರಗೆ ನಾಲ್ಕು ಸಲ ಊದಿಬಿಡಿ, ಅದರೊಳಗೂ ರಬ್ಬರಿನ ಪುಡಿ ಇರುತ್ತದೆ. ಮತ್ತೆ ಪರೀಕ್ಷೆಯ ಫೋಟೋ. ರವದಿ ಬೂದಿ, ಎರೆಮಣ್ಣು ಇಷ್ಟಕ್ಕೇ ಹೋಗುವುದುಂಟು. ಹತ್ತರಲ್ಲಿ ಒಂದೆರಡು ಉಳಿದರೆ ಇನ್ನೊಮ್ಮೆ ಊದಿ, ಅಲ್ಲಿಗೆ ಮುಗಿಸುವುದೇ ಜಾಣತನ.

ಇಲ್ಲಿ ಬಳಸಬಾರದವು ಮೂರು. ಬಾಯಿಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆಯೂ ನೀರೂ ಬೆರೆತಿರುತ್ತವೆ, ಒತ್ತಡವಂತೂ ಷಟರಿನ ತೆಳು ಎಲೆಗಳನ್ನು ಬಗ್ಗಿಸುವಷ್ಟು ಇರುತ್ತದೆ. ಕಂಪ್ಯೂಟರ್ ಕ್ಲೀನ್ ಮಾಡುವ ಗಾಳಿ ಡಬ್ಬಿಯಿಂದ ಒಮ್ಮೊಮ್ಮೆ ಹಿಮದಂಥ ದ್ರವವೇ ಚಿಮ್ಮಿ ಗಾಜಿನ ಮೇಲೆ ಗಟ್ಟಿಯಾಗುತ್ತದೆ.

ಒದ್ದೆ ಶುಚಿ

ಗಾಳಿಗೆ ಜಗ್ಗದ ಹನಿಯ ಗುರುತು, ಎಣ್ಣೆ, ಅಂಟಿದ ಭಂಡಾರ ಇವಕ್ಕೆ ದ್ರವ ಬೇಕು. ಬೇಕಾಗುವುದು ಎರಡೇ: ಸೆನ್ಸರಿಗೆಂದೇ ಮಾಡಿದ ಸ್ವಾಬ್ ಮತ್ತು ಸೆನ್ಸರಿಗೆಂದೇ ಮಾಡಿದ ದ್ರವ. ಫುಲ್‌ಫ್ರೇಮ್‌ಗೆ 24 ಮಿಲಿಮೀಟರ್ ಅಗಲದ ಸ್ವಾಬ್, ಎಪಿಎಸ್-ಸಿಗೆ 16 ಮಿಲಿಮೀಟರಿನದು. ಸ್ವಾಬಿನ ಅಗಲ ಸೆನ್ಸರಿನ ಎತ್ತರಕ್ಕೆ ಸರಿಹೊಂದಿದರೆ ಒಂದೇ ಎಳೆತಕ್ಕೆ ಇಡೀ ಗಾಜು ಸಿಗುತ್ತದೆ, ಅಳತೆಯ ಹಿಂದಿನ ಲೆಕ್ಕ ಅದು. ಕಿವಿಗೆ ಹಾಕುವ ಹತ್ತಿಕಡ್ಡಿ ಎಳೆ ಬಿಡುತ್ತದೆ. ಆಸ್ಪತ್ರೆಯ ಸ್ಪಿರಿಟ್‌ನಲ್ಲಿ ನೀರಿರುತ್ತದೆ, ಸ್ಯಾನಿಟೈಸರಿನಲ್ಲಿ ಗ್ಲಿಸರಿನ್, ಥಿನ್ನರ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಮೆಥನಾಲ್ ಇರುವ ದ್ರವ ವಿಷಕಾರಿ, ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ಮಕ್ಕಳ ಕೈಗೆ ಸಿಗದಂತೆ, ದೇವರ ಮುಂದಿನ ದೀಪದಿಂದ ದೂರ ಇಡಬೇಕು.

ಸ್ವಾಬಿನ ಅಂಚಿಗೆ ಎರಡು ಹನಿ ಬಿಟ್ಟು, ಅದು ಹರಡಲು ಕೆಲವು ಕ್ಷಣ ಕಾಯಿರಿ. ಒಣಗಿದ್ದರೆ ಗಾಜಿಗೆ ಕಚ್ಚಿ ಎಳೆಯುತ್ತದೆ, ತೊಯ್ದು ತೊಟ್ಟಿಕ್ಕುತ್ತಿದ್ದರೆ ಅಂಚಿನಲ್ಲಿ ದ್ರವ ನಿಂತು ಆರಿದ ಗುರುತು ಬಿಡುತ್ತದೆ. ಸೆನ್ಸರಿನ ಎಡ ಅಂಚಿಗೆ ಸ್ವಾಬ್ ಇಟ್ಟು, ಎಳೆಯುವ ದಿಕ್ಕಿಗೆ ಹಿಡಿಯನ್ನು ಸ್ವಲ್ಪ ವಾಲಿಸಿ, ತುದಿ ಸಣ್ಣಗೆ ಬಾಗುವಷ್ಟೇ ಒತ್ತಡದಲ್ಲಿ ಬಲ ಅಂಚಿನ ವರೆಗೆ ನಿಲ್ಲದೆ ಎಳೆಯಬೇಕು. ಎತ್ತಿ, ಸ್ವಾಬಿನ ಇನ್ನೊಂದು ಮಗ್ಗುಲಿನಿಂದ ಬಲದಿಂದ ಎಡಕ್ಕೆ. ಅಲ್ಲಿಗೆ ಆ ಸ್ವಾಬಿನ ಕೆಲಸ ಮುಗಿಯಿತು, ಕಸದ ಬುಟ್ಟಿಗೆ. ಅದನ್ನೇ ತೊಳೆದು ಮತ್ತೆ ಬಳಸುವ ಉಳಿತಾಯ ಬೇಡ. ಒಂದೇ ಜಾಗವನ್ನು ಹಿಂದೆ ಮುಂದೆ ಉಜ್ಜುವುದಂತೂ ಮಾಡಲೇಬಾರದು, ಸ್ವಾಬ್ ಎತ್ತಿಕೊಂಡ ಕಣ ಗೀರುವುದು ಆಗಲೇ. ಮೊದಲ ಸಲಕ್ಕೆ ಎಲ್ಲ ಹೋಗದಿದ್ದರೆ ಹೊಸ ಸ್ವಾಬ್.

ಭಂಡಾರದ ವಿಷಯ ಬೇರೆ. ಕಣಗಳು ಇನ್ನೂ ಗಾಜಿನ ಮೇಲಿರುವಾಗಲೇ ಆಲ್ಕೋಹಾಲಿನ ಸ್ವಾಬ್ ಎಳೆದರೆ ಅರಿಸಿನದ ಬಣ್ಣ ಕರಗಿ, ಚುಕ್ಕೆಯಾಗಿದ್ದದ್ದು ತೆಳು ಪದರವಾಗಿ ಹರಡಬಹುದು. ಹೀಗಾಗಿ ಇಲ್ಲಿ ಊದುವ ಕೆಲಸಕ್ಕೆ ಹೆಚ್ಚು ಹೊತ್ತು ಕೊಡಬೇಕು: ಊದಿ, ಫೋಟೋ ತೆಗೆದು ನೋಡಿ, ಮತ್ತೆ ಊದಿ, ಇನ್ನು ಕದಲದು ಎಂದಾದ ಮೇಲೆ ಮಾತ್ರ ದ್ರವ. ಸ್ವಾಬಿನ ಬಿಳಿ ಅಂಚಿಗೆ ಹಳದಿ ಹತ್ತಿದ್ದು ಕಂಡರೆ, ಅದು ಕಾಣದಾಗುವ ವರೆಗೆ ಪ್ರತಿ ಸಲವೂ ಹೊಸದು.

ಅಂಟು ಜೆಲ್ಲಿನ ತುದಿಯಿರುವ ಕಡ್ಡಿಯೂ ಸಿಗುತ್ತದೆ. ಗಾಜಿಗೆ ಮೆಲ್ಲಗೆ ತಾಗಿಸಿ ಎತ್ತಿದರೆ ಧೂಳು ಅದಕ್ಕೆ ಅಂಟಿ ಬರುತ್ತದೆ. ಒಂದೆರಡು ಹಟಮಾರಿ ನಾರಿಗೆ ಒಳ್ಳೆಯದು. ಎಣ್ಣೆಗೆ, ಹನಿಯ ಗುರುತಿಗೆ ಇದರಿಂದ ಉಪಯೋಗವಿಲ್ಲ, ಕಳಪೆ ಜೆಲ್ ತನ್ನದೇ ಜಿಡ್ಡು ಬಿಟ್ಟು ಹೋಗುತ್ತದೆ.

ಮಿರರ್‌ಲೆಸ್ ಕ್ಯಾಮೆರಾದಲ್ಲಿ

ಕನ್ನಡಿ ಇಲ್ಲದ್ದರಿಂದ ಲೆನ್ಸ್ ಬಿಚ್ಚಿದೊಡನೆ ಸೆನ್ಸರ್ ಎದುರಿಗೇ ಕಾಣುತ್ತದೆ. ಶುಚಿ ಸುಲಭ, ಧೂಳು ಬೀಳುವುದೂ ಅಷ್ಟೇ ಸುಲಭ. ಕ್ಯಾನನ್ 2018ರ ಇಒಎಸ್ ಆರ್ ಕ್ಯಾಮೆರಾದಲ್ಲಿ ಆಫ್ ಮಾಡಿದಾಗ ಷಟರ್ ತಾನೇ ಮುಚ್ಚಿ ಸೆನ್ಸರಿಗೆ ಮರೆಯಾಗುವಂತೆ ಮಾಡಿತು. ನಿಕಾನ್ 2021ರ ಜೆಡ್9ರಲ್ಲಿ ಅದಕ್ಕೆಂದೇ ಪ್ರತ್ಯೇಕ ಪರದೆ ಕೊಟ್ಟಿತು. ಕ್ಯಾನನ್ನಿನಲ್ಲಿ ಹೀಗೆ ಮುಚ್ಚುವ ಷಟರಿನ ಎಲೆಗಳು ಬಹಳ ತೆಳು. ಅದನ್ನೇ ಸೆನ್ಸರ್ ಎಂದು ತಿಳಿದು ಸ್ವಾಬ್ ಒತ್ತಿದರೆ ಮುಗಿಯಿತು. ಇಂಥವುಗಳಲ್ಲಿ ಮೆನುವಿನ ಕ್ಲೀನಿಂಗ್ ಆಯ್ಕೆಯಿಂದಲೇ ಷಟರ್ ತೆರೆಯಬೇಕು. ಇನ್ನು ಸೆನ್ಸರೇ ಅಲುಗಾಡಿ ಕೈನಡುಕ ಸರಿಮಾಡುವ ಕ್ಯಾಮೆರಾಗಳಲ್ಲಿ ಸ್ವಾಬ್ ಎಳೆಯುವಾಗ ಸೆನ್ಸರ್ ಸ್ವಲ್ಪ ಓಲಾಡುವುದುಂಟು. ಅದು ಕೆಟ್ಟಿದ್ದಲ್ಲ, ಆದರೆ ಒತ್ತಡ ಇನ್ನೂ ಕಡಿಮೆ ಇರಲಿ.

ಜಾತ್ರೆ, ಜಲಪಾತ, ಮಳೆಗಾಲ

ಭಂಡಾರ ಹಾರುವಲ್ಲಿ ಲೆನ್ಸ್ ಬದಲಿಸುವ ಮಾತೇ ಬೇಡ. ಎರಡು ಕ್ಯಾಮೆರಾ ಇದ್ದವರು ಎರಡಕ್ಕೂ ಒಂದೊಂದು ಲೆನ್ಸ್ ಹಾಕಿಕೊಂಡು ಹೋಗುತ್ತಾರೆ. ಒಂದೇ ಇದ್ದವರು ಒಂದು ಜೂಮ್ ಹಾಕಿ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ, ಲೆನ್ಸಿನ ಮುಂಬಾಯಿಯನ್ನಷ್ಟೇ ಹೊರಗೆ ಬಿಡುತ್ತಾರೆ. ಉದ್ದಕ್ಕೆ ಚಾಚಿಕೊಳ್ಳುವ ಜೂಮ್ ಲೆನ್ಸ್ ಹಿಂದೆ ಮುಂದೆ ಸರಿದಾಗ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಪುಡಿಯನ್ನೂ. ಮನೆಗೆ ಬಂದ ಮೇಲೆ ಲೆನ್ಸ್ ಬಿಚ್ಚುವ ಮೊದಲು ಕ್ಯಾಮೆರಾದ ಹೊರಮೈಯನ್ನು ಬ್ರಷ್ಷಿನಿಂದ ಝಾಡಿಸಿ, ಒರೆಸಿ, ಆಮೇಲೆ ಮುಂದಿನದು.

ಲೆನ್ಸ್ ಬದಲಿಸಲೇಬೇಕಾದರೆ ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ, ಗಾಳಿಗೆ ಬೆನ್ನು ಕೊಟ್ಟು. ಯಾರೂ ಲೆಕ್ಕಕ್ಕೆ ಇಡದ ಧೂಳಿನ ಮೂಲವೆಂದರೆ ಲೆನ್ಸಿನ ಹಿಂಮುಚ್ಚಳ. ಬಿಚ್ಚಿದ ಮುಚ್ಚಳವನ್ನು ಅಂಗಿಯ ಜೇಬಿಗೆ ಹಾಕುತ್ತೇವೆ, ಜೇಬಿನ ಎಳೆ ಮುಚ್ಚಳಕ್ಕೆ, ಮುಚ್ಚಳದಿಂದ ಲೆನ್ಸಿನ ಹಿಂಗಾಜಿಗೆ, ಅಲ್ಲಿಂದ ಸೆನ್ಸರಿಗೆ. ಕ್ಯಾಮೆರಾದ ಮುಚ್ಚಳ ಮತ್ತು ಲೆನ್ಸಿನ ಹಿಂಮುಚ್ಚಳವನ್ನು ಒಂದಕ್ಕೊಂದು ತಿರುಗಿಸಿ ಕೂಡಿಸಿಟ್ಟರೆ ಎರಡರ ಒಳಮೈಯೂ ಸ್ವಚ್ಛವಾಗಿರುತ್ತದೆ.

ಧೂಪದಾಳದ ಹಿನ್ನೀರಿನಲ್ಲಿ, ಘಟಪ್ರಭಾ ಪಕ್ಷಿಧಾಮದಲ್ಲಿ, ಚಳಿಗಾಲಕ್ಕೆ ಬರುವ ಕ್ರೌಂಚಗಳನ್ನೂ ಬಿಳಿ ಕೊಕ್ಕರೆಗಳನ್ನೂ ಹಿಡಿಯಲು ಹೋಗುವವರು ಹೆಚ್ಚಾಗಿ ಉದ್ದ ಲೆನ್ಸನ್ನು ಎಫ್ 5.6, ಎಫ್ 8ರಲ್ಲೇ ಬಳಸುತ್ತಾರೆ, ಹಿನ್ನೆಲೆ ಮಾತ್ರ ಬರೀ ಆಕಾಶ. ದೊಡ್ಡ ಧೂಳಿದ್ದರೆ ಅಲ್ಲೂ ಕಾಣುತ್ತದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ಹಿನ್ನೀರಿನಲ್ಲೂ ಹಾಗೇ, ಚೌಕಟ್ಟಿನ ಮುಕ್ಕಾಲು ಪಾಲು ನೀರು ಮತ್ತು ಬಾನು.

ಮಳೆಗಾಲದ ಶತ್ರು ಧೂಳಲ್ಲ, ಬೂಷ್ಟು. ತೇವ ಬಹಳ ದಿನ ನಿಂತರೆ ಗಾಜಿನ ಮೇಲೆ ಜೇಡನ ಬಲೆಯಂಥ ಎಳೆಗಳು ಹಬ್ಬುತ್ತವೆ, ಲೆನ್ಸಿನ ಲೇಪನವನ್ನೇ ತಿನ್ನುತ್ತವೆ. ಜಲಪಾತದಿಂದ ಬಂದ ಕ್ಯಾಮೆರಾವನ್ನು ತೊಯ್ದ ಬ್ಯಾಗಿನಲ್ಲೇ ಬಿಟ್ಟರೆ ಇದಕ್ಕೆ ಆಹ್ವಾನ ಕೊಟ್ಟಂತೆ. ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಸಾಧ್ಯವಾದರೆ ತೇವಮಾಪಕ. ತೇವಾಂಶ ಶೇಕಡಾ 40ರಿಂದ 50ರ ನಡುವೆ ಇದ್ದರೆ ಸಾಕು, ಅದಕ್ಕಿಂತ ತೀರ ಒಣಗಿಸುವುದೂ ರಬ್ಬರಿಗೆ ಒಳ್ಳೆಯದಲ್ಲ.

ತೆಗೆದಾದ ಫೋಟೋಗಳಿಗೆ

ಚುಕ್ಕೆ ಪತ್ತೆಯಾಗುವುದು ಸಾಮಾನ್ಯವಾಗಿ ಫೋಟೋ ತೆಗೆದ ಮೇಲೆ, ಆಲ್ಬಮ್ ಡಿಸೈನ್‌ಗೆ ಕೂತಾಗ. ಲೈಟ್‌ರೂಮ್‌ನಲ್ಲಿ ಒಂದು ಫೋಟೋದ ಚುಕ್ಕೆ ಅಳಿಸಿ ಅದೇ ತಿದ್ದುಪಡಿಯನ್ನು ಉಳಿದವಕ್ಕೂ ಹಚ್ಚಬಹುದು, ಧೂಳು ಕದಲುವುದಿಲ್ಲವಲ್ಲ. ಆಕಾಶವಿರುವ ಕಡೆ ಇದು ಚೆನ್ನಾಗಿ ನಡೆಯುತ್ತದೆ. ಮುಖವೋ ಸೀರೆಯ ಅಂಚೋ ಬಂದಿರುವ ಕಡೆ ಒಂದೊಂದನ್ನೇ ನೋಡಬೇಕು. ಕ್ಯಾನನ್, ನಿಕಾನ್ ಕ್ಯಾಮೆರಾಗಳ ಮೆನುವಿನಲ್ಲಿ ಬಿಳಿ ಹಾಳೆಯ ಫೋಟೋ ತೆಗೆಸಿ ಧೂಳಿನ ನಕ್ಷೆ ಉಳಿಸಿಕೊಳ್ಳುವ ಸೌಲಭ್ಯ ಹಲವು ಮಾದರಿಗಳಲ್ಲಿದೆ. ಆಯಾ ಕಂಪನಿಯ ಸಾಫ್ಟ್‌ವೇರ್ ಆ ನಕ್ಷೆ ನೋಡಿ ಚುಕ್ಕೆಗಳನ್ನು ತಾನೇ ಅಳಿಸುತ್ತದೆ. ಸೆನ್ಸರ್ ಶುಚಿ ಮಾಡಿದ ಮೇಲೆ ಹಳೆಯ ನಕ್ಷೆ ಕೆಲಸಕ್ಕೆ ಬಾರದು, ಹೊಸದಾಗಿ ತೆಗೆಯಬೇಕು. ಹಳೆಯದನ್ನೇ ಬಿಟ್ಟರೆ ಸಾಫ್ಟ್‌ವೇರ್ ಇಲ್ಲದ ಧೂಳನ್ನು ಅಳಿಸಲು ಹೋಗಿ ಇರುವ ಚಿತ್ರವನ್ನು ಕೆಡಿಸುತ್ತದೆ.